ಉಗುರಿನ ಬುಡಕ್ಕೊಂದು ಹನಿ ಎಣ್ಣೆ

“ತಂಗೀ, ನಿಂಬಿಹಣ್ಣ ಇದ್ರ ಒಂದು ಕೊಡವಾ,” ಅಂತ ಕಂಪೌಂಡ್ ಗೋಡೆಯಾಚೆಯಿಂದ ವೈನಿ ಕೂಗಿದರು. ಕಲಬುರಗಿಯ ಬಿಸಿಲಿನಲ್ಲಿ ನಿಂಬೆಹಣ್ಣು ಕೇಳದ ಮನೆ ಯಾವುದು? ಶರಬತ್ತಿಗಿರಬೇಕೆಂದು ಎರಡು ತಂದು ಗೋಡೆಯ ಮೇಲಿಟ್ಟೆ. “ಕುಡಿಲಿಕ್ಕಲ್ಲವಾ, ಬೆರಳಿಗಿ ಹಾಕ್ಕೊಳ್ಳಿಕ್ಕ. ರಾತ್ರಿಯೆಲ್ಲಾ ಕಣ್ಣಿಗಿ ಕಣ್ಣ ಹತ್ತಿಲ್ಲ ನೋಡು,” ಎನ್ನುತ್ತ ಬಲಗೈ ಮುಂದೆ ಚಾಚಿದರು. ತೋರುಬೆರಳ ಉಗುರಿನ ಬುಡ ಕೆಂಪಗೆ ಊದಿಕೊಂಡು, ಚರ್ಮ ಬಿಗಿದು ಮಿರಿಮಿರಿ ಹೊಳೆಯುತ್ತಿತ್ತು. ಒಂದು ಬದಿಗೆ ಹಳದಿಯ ಚುಕ್ಕೆ. ಉಗುರುಸುತ್ತು!

ಉಗುರುಸುತ್ತಿಗೆ ನಿಂಬೆಹಣ್ಣಿನ ಟೊಪ್ಪಿಗೆ ಹಾಕುವುದು ನಮ್ಮ ಕಡೆ ಅಜ್ಜಿಯರ ಕಾಲದ ಮದ್ದು. ಹಣ್ಣಿನ ತುದಿ ಕೊಯ್ದು, ತೂತು ಮಾಡಿ, ಬೆರಳು ತೂರಿಸಿಕೊಂಡು ಮಲಗುವುದು. ಬೆರಳಿಗೆ ತಂಪೆನಿಸುತ್ತದೆ, ಪೆಟ್ಟು ತಾಗದಂತೆ ಮುಚ್ಚಿಯೂ ಇರುತ್ತದೆ. ಆದರೆ ಚರ್ಮ ಬಿರಿದಿದ್ದರೆ ಹುಳಿ ಬಿದ್ದು ಉರಿ ಹೆಚ್ಚುತ್ತದೆ. ಒಳಗೆ ಕೂಡಿದ ಕೀವಂತೂ ನಿಂಬೆಗೆ ಹೊರಗೆ ಬರುವುದಿಲ್ಲ. “ವೈನಿ, ಆರಂಭದಾಗ ಇದ್ರ ಉಗುರುಬೆಚ್ಚಗಿನ ನೀರಿನಾಗ ಹತ್ತು-ಹದಿನೈದು ನಿಮಿಷ, ದಿನಕ್ಕ ಮೂರ್ನಾಕು ಸಲ ಬೆರಳ ಅದ್ದಿ ಒರೆಸಿಕೊಂಡ್ರ ಸಾಕಾಗ್ತಿತ್ತು. ಈಗ ಕೀವಾಗ್ಯಾದ, ಬ್ಯಾನಿಗಿ ನಿದ್ದಿ ಬರವಲ್ಲದು. ಇವತ್ತೇ ದವಾಖಾನಿಗಿ ಹೋಗ್ರಿ. ಮನ್ಯಾಗ ಸೂಜಿಲೆ ಚುಚ್ಚಬ್ಯಾಡ್ರಿ,” ಅಂದೆ. ಬೆರಳಿನ ತುದಿಯಲ್ಲಿ ಜಾಗ ಕಡಿಮೆ. ಕೀವು ಒಳಗೇ ಉಳಿದರೆ ಒತ್ತಡ ಏರಿ ಆಳಕ್ಕೆ ಇಳಿಯುತ್ತದೆ. ವೈನಿಗೆ ಶುಗರ್ ಬೇರೆ ಇದೆ. ಶುಗರ್ ಇದ್ದವರು ಉಗುರುಸುತ್ತನ್ನು ಸಣ್ಣದೆಂದು ಒಂದು ದಿನವೂ ಮುಂದಕ್ಕೆ ಹಾಕಬಾರದು.

“ಇದು ಹ್ಯಾಂಗ ಆಯ್ತು?” ಅಂತ ಕೇಳಿದಾಗ ಕಥೆ ಕಮಲಾಪುರಕ್ಕೆ ಹೋಯಿತು. ಅದು ವೈನಿಯ ತವರು. ಹುಮನಾಬಾದ್ ರಸ್ತೆಯ ಈ ಊರು ಈಗ ತಾಲ್ಲೂಕು ಕೇಂದ್ರ. ಹೆಸರು ಮಾಡಿದ್ದು ಮಾತ್ರ ಕೆಂಪು ಬಾಳೆಹಣ್ಣಿನಿಂದ. ಜಿಐ ಟ್ಯಾಗ್ ಪಡೆದ ಹಣ್ಣು ಅದು. ಅಲ್ಲಿ ತಮ್ಮ ಅಣ್ಣನ ತೋಟದಲ್ಲಿ ಗೊನೆ ಕಡಿಯುವಾಗ ವೈನಿಯೂ ಕೈ ಹಾಕಿದರು. ಬಾಳೆಯ ಸೊನೆ ಒಸರುವಾಗ ನೀರಿನಷ್ಟೇ ತಿಳಿ. ಅದರೊಳಗಿನ ಒಗರು ಗಾಳಿಗೆ ಸೋಕಿದ ಮೇಲೆ ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಉಗುರಿನ ಸಂದಿಗೆ ಇಳಿದರೆ ಸಾಬೂನಿಗೂ ಜಗ್ಗುವುದಿಲ್ಲ. ಮದುವೆಗೆ ಹೋಗುವ ಕೈ ಹಿಂಗಿದ್ದರೆ ಹ್ಯಾಂಗೆಂದು ವೈನಿ ಕಲ್ಲು ತಗೊಂಡು ಉಗುರ ಬುಡ ತಿಕ್ಕಿದರು, ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಿತ್ತರು, ಅದೇ ಕೈಯಲ್ಲಿ ಮದುವೆಮನೆಯ ಭಾಂಡೆಯನ್ನೂ ತಿಕ್ಕಿದರು. ಮೂರನೆಯ ದಿನಕ್ಕೆ ಬೆರಳು ಮಿಡಿಯತೊಡಗಿತು.

ಎಲ್ಲ ತಪ್ಪೂ ಆ ಸಿಪ್ಪೆ ಕಿತ್ತಿದ್ದರಲ್ಲಿದೆ. ಉಗುರಿನ ಬುಡದಲ್ಲಿ ಚರ್ಮ ಮುಗಿದು ಉಗುರು ಶುರುವಾಗುವಲ್ಲಿ ಒಂದು ತೆಳು ಪೊರೆ ಉಗುರಿಗೆ ಅಂಟಿಕೊಂಡಿರುತ್ತದೆ. ಬ್ಯೂಟಿ ಪಾರ್ಲರ್‌ನವರು ಕ್ಯೂಟಿಕಲ್ ಅನ್ನುತ್ತಾರೆ. ನೋಡಲಿಕ್ಕೆ ಬೇಡದ ಸಿಪ್ಪೆಯಂತೆ ಕಂಡರೂ ಚರ್ಮಕ್ಕೂ ಉಗುರಿಗೂ ನಡುವಿನ ಸಂದು ಮುಚ್ಚಿ, ನೀರು, ಹೊಲಸು, ಕ್ರಿಮಿ ಒಳಗಿಳಿಯದಂತೆ ತಡೆಯುವುದು ಅದೇ. ಅದರ ಹಿಂದೆ, ಚರ್ಮದ ಕೆಳಗೆ, ಉಗುರು ಹುಟ್ಟುವ ಜಾಗವಿದೆ. ಹೆಬ್ಬೆರಳಲ್ಲಿ ಕಾಣುವ ಬಿಳಿಯ ಅರ್ಧಚಂದ್ರ ಆ ಜಾಗದ ಅಂಚು. ನಾವು ಕತ್ತರಿಸಿ ಎಸೆಯುವ ತುದಿಗೆ ಜೀವವಿಲ್ಲ. ಉಗುರಿನ ಜೀವವೆಲ್ಲ ಬುಡದಲ್ಲೇ ಇದೆ. ಬಣ್ಣ, ಫೈಲು, ಶೇಪು ಅಂತ ನಾವು ಆರೈಕೆ ಮಾಡುವುದು ಮಾತ್ರ ತುದಿಗೆ.

ಅದಕ್ಕೇ ಪಾರ್ಲರ್‌ಗೆ ಹೋದ ಹುಡುಗಿಯರಿಗೆ ನಾನು ಹೇಳುವುದು ಒಂದೇ ಮಾತು: ಆ ಪೊರೆಯನ್ನು ಕತ್ತರಿಸಲಿಕ್ಕೆ ಬಿಡಬೇಡಿ. ಸ್ನಾನವಾದ ಮೇಲೆ ಅದು ಮೆತ್ತಗಾಗಿರುವಾಗ ಒದ್ದೆ ಬಟ್ಟೆಯಿಂದ ಹಗುರಾಗಿ ಹಿಂದಕ್ಕೆ ಸರಿಸಿದರೆ ಸಾಕು. ಬದಿಗೆ ಸಿಬರು ಎದ್ದಿದ್ದರೆ ಎಳೆಯಬಾರದು, ಕಚ್ಚಬಾರದು. ಚೊಕ್ಕ ಕತ್ತರಿಯಿಂದ ಎದ್ದಷ್ಟನ್ನೇ ಕತ್ತರಿಸಬೇಕು. ನೇಲ್ ಕಟರ್ ಮನೆಮಂದಿಗೆಲ್ಲ ಒಂದೇ ಇದ್ದರೆ ಬಳಸುವ ಮುಂಚೆ ತೊಳೆದು, ಸ್ಪಿರಿಟ್‌ನಿಂದ ಒರೆಸಬೇಕು.

“ನಾವು ಪಾರ್ಲರ್ ಮೆಟ್ಲು ಹತ್ತಿದವರಲ್ಲವಾ,” ಅಂದರು ವೈನಿ. ಖರೇ. ನಮ್ಮ ಭಾಗದ ಹೆಂಗಸರ ಉಗುರು ಕೆಡುವುದು ಪಾರ್ಲರಿನಿಂದಲ್ಲ, ನೀರಿನಿಂದ. ಬೆಳಗಾದರೆ ಭಾಂಡೆ, ಅರಿವೆ, ನೆಲ ಒರೆಸುವುದು, ಆಮೇಲೆ ರೊಟ್ಟಿ. ಜೋಳದ ರೊಟ್ಟಿ ಬಡಿಯುವ ಕೈಗೆ ಹಿಟ್ಟು ನಾದುವಾಗ ಬಿಸಿನೀರು, ಬಡಿಯುವಾಗ ಒಣಹಿಟ್ಟು, ಹೆಂಚಿನ ಮೇಲೆ ಹಾಕಿದ ಮೇಲೆ ಮತ್ತೆ ನೀರು ಸವರಲಿಕ್ಕೆ ಒದ್ದೆ. ಗಳಿಗೆಗೊಮ್ಮೆ ನೆನೆದು ಗಳಿಗೆಗೊಮ್ಮೆ ಒಣಗಿದರೆ ಉಗುರಿನ ಪದರು ಬಿಡುತ್ತದೆ, ತುದಿ ಸೀಳುತ್ತದೆ, ಬುಡದ ಪೊರೆ ಸವೆದೇ ಹೋಗುತ್ತದೆ. ಕೊಳವೆಬಾವಿಯ ಸವಳು ನೀರು, ಕಟುವಾದ ಸಾಬೂನು ಸೇರಿದರೆ ಇನ್ನೂ ಬೇಗ. ಆಗ ಬರುವುದು ಎರಡನೆಯ ಬಗೆಯ ಉಗುರುಸುತ್ತು. ವೈನಿಯದರಂತೆ ಮೂರು ದಿನದಲ್ಲಿ ಕೀವಾಗುವುದಿಲ್ಲ. ವಾರಗಟ್ಟಲೆ ಬುಡ ದಪ್ಪಗಾಗಿ, ಆಗಾಗ ನೋವು ಬಂದು ಹೋಗಿ, ಉಗುರಿನ ಮೈ ಏರುಪೇರಾಗುತ್ತದೆ. ಭಾಂಡೆ ತಿಕ್ಕುವವರು, ಹೋಟೆಲ್ ಅಡುಗೆಯವರು, ಅರಿವೆ ಒಗೆಯುವವರಿಗೆ ಇದು ಕಸುಬಿನ ಕಾಯಿಲೆ. ಮುಲಾಮು ಎಷ್ಟೇ ಹಚ್ಚಿದರೂ ಕೈ ಒಣಗಲಿಕ್ಕೆ ಬಿಡುವು ಸಿಗದಿದ್ದರೆ ಗುಣ ಕಾಣುವುದಿಲ್ಲ.

ಬಿಡುವು ಅಂದರೆ ದೊಡ್ಡದೇನೂ ಅಲ್ಲ. ನೀರಿನ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸುವುದು. ಆಗುವುದಾದರೆ ತೆಳು ಹತ್ತಿಯ ಕೈಗವಸು, ಅದರ ಮೇಲೆ ರಬ್ಬರಿನದು ಹಾಕುವುದು. ಬರೀ ರಬ್ಬರ್ ಹಾಕಿದರೆ ಒಳಗೇ ಬೆವರಿ ಅದೇ ಪಾಡು. ಕೆಲಸ ಮುಗಿದ ಮೇಲೆ ಬೆರಳ ಸಂದಿ, ಉಗುರ ಬುಡವನ್ನು ಒಣಬಟ್ಟೆಯಿಂದ ಒತ್ತಿ ಒರೆಸುವುದು. ಮಲಗುವ ಮುಂದೆ ಒಂದೊಂದು ಉಗುರಿನ ಬುಡಕ್ಕೆ ಒಂದೊಂದು ಹನಿ ಎಣ್ಣೆ ತೀಡುವುದು. ಅಂಗಡಿಯಲ್ಲಿ ಕ್ಯೂಟಿಕಲ್ ಆಯಿಲ್ ಅಂತ ಚಿಕ್ಕ ಸೀಸೆಯಲ್ಲಿ ಮಾರುತ್ತಾರೆ. ಕೊಬ್ಬರಿ ಎಣ್ಣೆಯಾದರೂ ಆಯಿತು, ನಮ್ಮ ಕುಸುಬಿ ಎಣ್ಣೆಯಾದರೂ ಆಯಿತು, ವ್ಯಾಸಲೀನ್ ಆದರೂ ಆಯಿತು. ಬಾಳೆ ಕಡಿಯುವ ಮೊದಲೇ ಕೈಗೆ ಎಣ್ಣೆ ಸವರಿಕೊಂಡರೆ ಸೊನೆ ಅಂಟುವುದೂ ಕಡಿಮೆ, ಆಮೇಲೆ ಕಲ್ಲಿಗೆ ಕೆಲಸವೂ ಇಲ್ಲ.

ವೈನಿ ತಮ್ಮ ಬೆರಳು ಮರೆತು ನನ್ನ ಕೈ ಹಿಡಿದು ನೋಡಿದರು. “ನಿನಗ ಬಿಳಿ ಚುಕ್ಕಿ ಎದ್ದಾವಲ್ಲ, ಕ್ಯಾಲ್ಸಿಯಂ ಕಮ್ಮಿ ಆಗ್ಯಾದೇನು?” ಊರೆಲ್ಲ ಹಾಗೇ ಹೇಳುತ್ತದೆ. ಆದರೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಎಂದೋ ಬುಡಕ್ಕೆ ತಾಗಿದ ಸಣ್ಣ ಪೆಟ್ಟಿನ ಗುರುತು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಗೆ ಬರಲಿಕ್ಕೆ ಆರು ತಿಂಗಳು. ದೊಡ್ಡ ಜ್ವರ ಬಂದು ಹೋದರೆ ಎಲ್ಲ ಉಗುರಿಗೂ ಅಡ್ಡಗೆರೆ ಬೀಳುವುದುಂಟು. ಆ ದಿನಗಳಲ್ಲಿ ಉಗುರು ಹುಟ್ಟುವ ಕೆಲಸ ನಿಂತಿತ್ತೆಂದು ಅರ್ಥ. ಗೆರೆ ಬುಡದಿಂದ ಎಷ್ಟು ದೂರ ಬಂದಿದೆಯೆಂದು ನೋಡಿ ಜ್ವರ ಬಂದ ತಿಂಗಳು ಅಂದಾಜು ಮಾಡಬಹುದು.

ಉಗುರು ಚಮಚದಂತೆ ತಗ್ಗಾಗಿ, ಮೇಲೆ ಹನಿ ನೀರು ಬಿಟ್ಟರೆ ನಿಲ್ಲುವಷ್ಟಾದರೆ ಮಾತ್ರ ತಡ ಮಾಡಬಾರದು. ಅದು ಕಬ್ಬಿಣಾಂಶದ ಕೊರತೆ ಬಹಳ ದಿನದಿಂದ ಇದೆಯೆನ್ನುವ ಗುರುತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಕಬ್ಬಿಣಾಂಶವಿರುವ ಪುಂಡಿಪಲ್ಯ, ಸಜ್ಜೆ ರೊಟ್ಟಿ, ನುಗ್ಗೆಸೊಪ್ಪು, ತೊಗರಿ ಎಲ್ಲ ನಮ್ಮ ತಾಟಿನಲ್ಲೇ ಇವೆ. ಆ ನಿಂಬೆಹಣ್ಣನ್ನು ಪಲ್ಯದ ಮೇಲೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದು ಕಡಿಮೆ. ರಕ್ತ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಊಟದ ಜೊತೆ ಗುಳಿಗೆಯೂ ಬೇಕು. ಉಗುರು ಬೆಳೆಯಲಿಕ್ಕೆಂದು ಮಾರುವ ಬಯೋಟಿನ್ ಗುಳಿಗೆ ಕೊರತೆಯಿಲ್ಲದವರಿಗೆ ಉಪಯೋಗವಾಗುತ್ತದೆ ಅನ್ನಲಿಕ್ಕೆ ಗಟ್ಟಿ ಆಧಾರವಿಲ್ಲ. ಮೇಲಾಗಿ ಅದು ಥೈರಾಯ್ಡ್‌ನಂಥ ರಕ್ತಪರೀಕ್ಷೆಯ ಫಲಿತಾಂಶವನ್ನೇ ಅದಲುಬದಲು ಮಾಡಬಲ್ಲದು.

ಉಗುರಿನ ಸಾಕ್ಷಿ ಎಷ್ಟು ಗಟ್ಟಿಯೆನ್ನಲಿಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಹಳೆಯ ಚಿನ್ನದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ, ಕುಡಿಯುವ ನೀರಿನೊಳಗೆ ಆರ್ಸೆನಿಕ್ ಇರುವುದು ಪತ್ತೆಯಾದಾಗ ಸಂಶೋಧಕರು ಜನರ ಕೂದಲು, ಉಗುರನ್ನೂ ಪರೀಕ್ಷೆಗೆ ಒಯ್ದರು. ಮೈಗೆ ಸೇರಿದ ವಿಷ ಉಗುರಿನಲ್ಲಿ ಕೂತು ತಿಂಗಳುಗಟ್ಟಲೆ ಉಳಿಯುತ್ತದೆ. ಇನ್ನು 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಂಡದ್ದು ನಮ್ಮ ಕಲಬುರಗಿ. ಆಮೇಲೆ ಮನೆಮನೆಗೂ ಬಂದ ಆಕ್ಸಿಮೀಟರ್ ಕಚ್ಚುವುದು ಉಗುರನ್ನೇ. ಗಾಢ ನೇಲ್ ಪಾಲಿಶ್ ಇದ್ದರೆ ಅದು ತೋರಿಸುವ ಅಂಕಿ ಏರುಪೇರಾಗಬಹುದು. ಆಪರೇಶನ್‌ಗೆ ಮುಂಚೆ ಬಣ್ಣ ತೆಗೆಯಿರಿ ಅನ್ನುವುದಕ್ಕೂ ಅದೊಂದು ಕಾರಣ.

ಕೊನೆಗೆ ವೈನಿ ಚಪ್ಪಲಿಯೊಳಗಿನ ಕಾಲ ಹೆಬ್ಬೆರಳು ತೋರಿಸಿದರು. ಉಗುರು ಹಳದಿಯಾಗಿ, ದಪ್ಪಗಾಗಿ, ತುದಿ ಪುಡಿಪುಡಿ. ನೋಡಿದರೆ ಶಿಲೀಂಧ್ರದ ಸೋಂಕಿನಂತಿತ್ತು. ಮೇಲೆ ಎಣ್ಣೆ ಹಚ್ಚಿ ಗುಣವಾಗುವಂಥದ್ದಲ್ಲ. ಉಗುರಿನ ಚೂರು ಪರೀಕ್ಷೆ ಮಾಡಿಸಿ ಚರ್ಮದ ಡಾಕ್ಟರು ಕೊಡುವ ಗುಳಿಗೆಯನ್ನು ಸಾಮಾನ್ಯವಾಗಿ 12 ವಾರ ತಪ್ಪದೆ ನುಂಗಬೇಕು. “ಒಂದಷ್ಟ ದಿನ ನುಂಗಿದ್ರೂ ಉಗರ ಚೊಲೋ ಕಾಣ್ಲಿಲ್ಲಂತ ನಮ್ಮ ತಮ್ಮ ಬಿಟ್ಟಾನಲ್ಲ?” ಬಿಡಬಾರದಿತ್ತು. ಕಾಲಿನುಗುರು ತಿಂಗಳಿಗೆ ಬೆಳೆಯುವುದೇ ಸುಮಾರು 1 ಮಿಲಿಮೀಟರ್. ಪೂರ್ತಿ ಹೊಸ ಉಗುರು ಬರಲಿಕ್ಕೆ ಕಮಲಾಪುರದ ಕೆಂಪು ಬಾಳೆಯನ್ನು ನೆಟ್ಟು ಗೊನೆ ಕಡಿಯುವಷ್ಟು ಕಾಲ, ಅಂದರೆ ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕು. ಬಾಳೆಗೆ ಅಷ್ಟು ತಾಳ್ಮೆ ಇರುವ ಊರಿಗೆ ಉಗುರಿಗೂ ಇರಬೇಕು. ಕಾಲಿನುಗುರನ್ನು ನೇರಕ್ಕೆ ಕತ್ತರಿಸಿ, ಮೂಲೆ ಕೆತ್ತದಿದ್ದರೆ ಅದು ಮಾಂಸಕ್ಕೆ ಚುಚ್ಚುವುದೂ ತಪ್ಪುತ್ತದೆ. ಒಂದೇ ಉಗುರಿಗೆ ಹೊಸದಾಗಿ ಕಪ್ಪು ಪಟ್ಟೆ ಬಂದು ಅಗಲವಾಗುತ್ತಿದ್ದರೆ, ಕಪ್ಪು ಬುಡದ ಚರ್ಮಕ್ಕೂ ಹರಡಿದರೆ, ನೋವಿಲ್ಲವೆಂದು ಸುಮ್ಮನಿರಬಾರದು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ.

ಈ ಹರಟೆಯಲ್ಲಿ ನನಗೆ ಗಟ್ಟಿಯಾಗಿ ಹೇಳಬೇಕೆನಿಸಿದ್ದು ಇಷ್ಟು. ಉಗುರಿನ ಆರೈಕೆ ಸಿಂಗಾರದ ಮಾತಲ್ಲ, ದುಡಿಯುವ ಕೈಯ ಮಾತು. ‘ಕಲಬುರಗಿ ರೊಟ್ಟಿ’ ಎಂಬ ಹೆಸರಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ರೊಟ್ಟಿ ಇಂದು ದೂರದ ಊರುಗಳಿಗೆ ಹೋಗುತ್ತಿದೆ, ನಮಗೆಲ್ಲ ಹೆಮ್ಮೆ. ರೊಟ್ಟಿ ಬಡಿಯುವ ಜಾಗದಲ್ಲೆಲ್ಲ ಒಣ ಟವೆಲ್, ಒಂದು ಸೀಸೆ ಎಣ್ಣೆ, ಉಗುರುಸುತ್ತು ಬಂದವಳಿಗೆ ಕೂಲಿ ಕಡಿಯದ ರಜೆ ಇರಲಿ. ಕೀವಾದ ಬೆರಳು ಹಿಟ್ಟು ನಾದದಿರುವುದು ಉಣ್ಣುವವರಿಗೂ ಒಳ್ಳೆಯದು. ನಮ್ಮ ಮನೆಗಳಲ್ಲಿ ಭಾಂಡೆ ತಿಕ್ಕಲಿಕ್ಕೆ ಬರುವವರಿಗೆ ಹಬ್ಬಕ್ಕೆ ಸೀರೆ ಕೊಡುತ್ತೇವೆ. ಅದರ ಜೊತೆ ಎರಡು ಜೊತೆ ಕೈಗವಸು ಕೊಡೋಣ, ಹರಿದಾಗ ಮತ್ತೆ ಕೊಡೋಣ. ದಿನವಿಡೀ ಬೇರೆಯವರ ಮುಸುರೆ ತೊಳೆಯುವ ಕೈಗೆ ನಾವು ಕೊಡಬೇಕಾದದ್ದರಲ್ಲಿ ಇದು ತೀರ ಕಡಿಮೆಯದು.