ಗಮಕತರಗತಿ ತಾರಣ ಮೀಮಾಂಸೆ

ಬ್ರಹ್ಮದ ವಿಚಾರವನ್ನು ಬಾದರಾಯಣರು ಆಗಲೇ ಮುಗಿಸಿಬಿಟ್ಟಿರುವುದರಿಂದ ಈ ಲೇಖಕನ ಪಾಲಿಗೆ ಉಳಿದದ್ದು ಅಂಕದ ವಿಚಾರ. ಗಮಕ ಕಲಿಯುವ ವಿದ್ಯಾರ್ಥಿ ತೇರ್ಗಡೆಯಾಗುವುದು ಹೇಗೆಂದು ನಮ್ಮ ಲಾಕ್ಷಣಿಕರಲ್ಲಿ ಒಬ್ಬರೂ ಬರೆದಿಲ್ಲ. ಛಂದೋಂಬುಧಿಯ ನಾಗವರ್ಮ ಪದ್ಯ ಕಟ್ಟುವ ಬಗೆಯನ್ನು ಹೆಂಡತಿಗೆ ಹೇಳಿಕೊಟ್ಟ, ಸರಿ. ಕಟ್ಟಿದ್ದನ್ನು ನಾಲ್ಕು ಜನರೆದುರು ಕೂತು ಓದುವಾಗ ಗಂಟಲು ಕಟ್ಟಿದರೆ ಏನು ಮಾಡಬೇಕೆಂದು ಆ ಮಹಾತಾಯಿ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಕೊರತೆಯನ್ನು ನೀಗಲು ಈ ಪ್ರಬಂಧ.

ಮೊದಲಿಗೆ ಲಕ್ಷಣ. ಕಾವ್ಯವನ್ನು ರಾಗವಿಟ್ಟು, ತಾಳ ಬಿಟ್ಟು, ಅರ್ಥ ಕೆಡದಂತೆ ಓದುವುದು ಗಮಕ. 'ರಾಗವಿದ್ದ ಮೇಲೆ ಅದು ಸಂಗೀತವೇ' ಎಂಬುದು ಪೂರ್ವಪಕ್ಷ. ಇದು ಸಂಗೀತದ ಪಾಠದಿಂದ ಗುಳೆ ಬಂದ ಮುಂಬೆಂಚಿನವರ ಮತ. ಕೀಚಕನ ಕಾಟ ತಾಳಲಾರದೆ ರಾತ್ರಿಯಲ್ಲಿ ವಲಲನ ಅಡುಗೆಮನೆಗೆ ಹೊರಟ ದ್ರೌಪದಿ, ಇವರ ಆಲಾಪನೆ ಮುಗಿಯುವಷ್ಟರಲ್ಲಿ ಬೆಳಗಾಗಿ, ಅಲ್ಲಿ ತಿಂಡಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. 'ಓದುವುದೇ ಆದ ಮೇಲೆ ರಾಗವೇಕೆ' ಎಂಬುದು ಹಿಂಬೆಂಚಿನವರ ಮತ. ಇವರ ಬಾಯಲ್ಲಿ ಅದೇ ದ್ರೌಪದಿ ಹವಾಮಾನ ವರದಿ ಓದಿದಂತೆ ಅಳುತ್ತಾಳೆ. ಎರಡೂ ಮತಗಳು ತ್ಯಾಜ್ಯ. ಪರೀಕ್ಷಕರು ಊಟ ಮುಗಿಸಿ ಬಂದು ಕೂತವರು. ಕಥೆ ತಿಳಿಯದಿದ್ದರೆ ಅವರಿಗೆ ನಿದ್ದೆ ಬರುವುದು ಪ್ರತ್ಯಕ್ಷ ಪ್ರಮಾಣಸಿದ್ಧ.

ಇನ್ನು ಶ್ವಾಸಾರ್ಥಶಾಸ್ತ್ರ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ತಲಾ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ ತಲಾ 23, ಒಟ್ಟು 102. ವಾರ್ಧಕದಲ್ಲಿ 144. ಆದ್ದರಿಂದ ಲಕ್ಷ್ಮೀಶನನ್ನು ಬಿಟ್ಟು ಕುಮಾರವ್ಯಾಸನನ್ನು ಹಿಡಿದ ವಿದ್ಯಾರ್ಥಿಗೆ ಪದ್ಯವೊಂದಕ್ಕೆ 42 ಮಾತ್ರೆಗಳ ಉಸಿರು ಉಳಿತಾಯ. ಉಳಿಸಿದ ಉಸಿರನ್ನು ಏದುಸಿರು ಬಿಡಲು ಬಳಸಬಹುದು. ಆದರೆ ಭಾಮಿನಿಯ ಮೂರು-ನಾಲ್ಕು, ಮೂರು-ನಾಲ್ಕು ಎಂಬ ಗಣವಿನ್ಯಾಸವನ್ನು ತೊಡೆ ತಟ್ಟಿ ಎಣಿಸುತ್ತ ಹೋದರೆ ಕುರುಕ್ಷೇತ್ರಕ್ಕೆ ಗೂಡ್ಸ್ ರೈಲು ಬಂದಂತಾಗುತ್ತದೆ. ಗಣ ಓದುವವನ ಹೊಟ್ಟೆಯೊಳಗಿರಬೇಕು, ಕೇಳುವವರ ಕಿವಿಗೆ ಬಡಿಯಬಾರದು. ಸಾಲು ಮುಗಿಯಿತೆಂದು ನಿಲ್ಲುವುದು ಇನ್ನೊಂದು ಮಹಾಪಾತಕ. ಷಟ್ಪದಿಯ ಪದಗಳು ಸಾಲಿನ ಗಡಿ ದಾಟಿ ಮುಂದಿನ ಸಾಲಿನಲ್ಲಿ ಕಾಲು ಚಾಚುವುದು ಸಾಮಾನ್ಯ. ಗಡಿಯಲ್ಲೇ ಉಸಿರೆಳೆದವನು ಶತ್ರುವಿಗಿಂತ ಮೊದಲು ಪದದ ಸೊಂಟ ಮುರಿಯುತ್ತಾನೆ. ಎಲ್ಲಿ ಒಡೆಯಬೇಕೆಂಬುದು ಅರ್ಥ ಗೊತ್ತಿದ್ದವನಿಗೆ ಮಾತ್ರ ಗೊತ್ತು. ಈ ಒಂದು ಅಡಚಣೆ ಇಲ್ಲದಿದ್ದರೆ ಗಮಕ ಬಹಳ ಸುಲಭದ ವಿದ್ಯೆ.

ರಾಗವನ್ನು ಹೆಸರು ನೋಡಿ ಆರಿಸುವ ನಾಮಮಾತ್ರವಾದಿಗಳೂ ಇದ್ದಾರೆ. ಶಿವ ಪ್ರತ್ಯಕ್ಷನಾದೊಡನೆ ಶಂಕರಾಭರಣ, ಜಿಂಕೆ ಓಡಿದೊಡನೆ ಸಾರಂಗ, ಯುದ್ಧವೆಂದೊಡನೆ ಕದನಕುತೂಹಲ. ಆ ರಾಗದ ಹೆಸರಿನಲ್ಲಿ ಕದನವಿದ್ದರೂ ನಡೆಯೆಲ್ಲ ಕುಣಿತ. ಕೇಳಿದರೆ ಶರಶಯ್ಯೆಯ ಭೀಷ್ಮರೂ ಎದ್ದು ಹೆಜ್ಜೆ ಹಾಕಿಯಾರು. ಶೋಕಕ್ಕೆ ಮುಖಾರಿ ಎಂದು ಹಿರಿಯರು ಹೇಳಿದ್ದು ಹೆಸರು ನೋಡಿ ಅಲ್ಲ.

ಜಲಮೂಲವಾದವನ್ನು ಎರಡು ಮಾತಿನಲ್ಲಿ ಮುಗಿಸೋಣ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದರಿಂದ, ತುಂಗೆಯ ನೀರು ಕುಡಿದರೆ ಗಮಕ ಬರುತ್ತದೆಂದು ಕೆಲವರ ಊಹೆ. ಆ ಸೀಮೆಯ ದನಕರುಗಳೂ ಅದೇ ನೀರು ಕುಡಿಯುತ್ತವೆ. ಷಟ್ಪದಿ ಓದಿದ ವರದಿಯಿಲ್ಲ.

ಭಾಗದ ಆಯ್ಕೆಯಲ್ಲಿ ಈ ಲೇಖಕನ ಮತ ವಿರಾಟಪರ್ವದ ಪರ. ಮಳೆ ಕೈಕೊಟ್ಟಾಗ ಊರವರು ಓದಿಸುತ್ತಿದ್ದ ಪರ್ವ ಅದು. ಪರೀಕ್ಷೆಯ ದಿನ ಮಳೆ ಬಂದರೆ ವಾಚನದ ಫಲ, ಬಾರದಿದ್ದರೆ ಪರೀಕ್ಷಕರ ಪ್ರಾರಬ್ಧ. ತಗಡಿನ ಸೂರಿನ ಮೇಲೆ ಜೋರಾಗಿ ಸುರಿದರಂತೂ ಶ್ರುತಿ ತಪ್ಪಿದ್ದು ದೇವರಿಗೂ ಕೇಳಿಸದು. ಮೇಲಾಗಿ ಅಲ್ಲಿ ಉತ್ತರಕುಮಾರನಿದ್ದಾನೆ. ಅಂತಃಪುರದ ಹೆಂಗಸರೆದುರು ಕೌರವರನ್ನು ಗೆದ್ದು, ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡಿದ ಅವನು, ಬಚ್ಚಲುಮನೆಯಲ್ಲಿ ಹಾಡಿ ವೇದಿಕೆಯಲ್ಲಿ ಬೆವರುವ ಗಮಕ ವಿದ್ಯಾರ್ಥಿಗಳ ಮೂಲಪುರುಷ. ಅವನನ್ನು ಎಳೆತಂದು ರಥ ಹತ್ತಿಸಿದವಳು ಬೃಹನ್ನಳೆ. ತರಗತಿಯಲ್ಲಿ ಆ ಕೆಲಸ ವ್ಯಾಖ್ಯಾನಕಾರನದು. ವಾಚನಕಾರನಿಗೆ ಪದ್ಯ ಮರೆತುಹೋದಾಗ 'ಇಲ್ಲಿ ಕವಿಯ ಚಮತ್ಕಾರವನ್ನು ಗಮನಿಸಬೇಕು' ಎಂದು ಐದು ನಿಮಿಷ ತುಂಬಿಸಬಲ್ಲ ಗೆಳೆಯನನ್ನು ವರ್ಷದ ಆರಂಭದಲ್ಲೇ ಕಾಫಿ ಕುಡಿಸಿ ಸಾಕಿಕೊಳ್ಳತಕ್ಕದ್ದು.

ಈ ಶಾಸ್ತ್ರಕ್ಕೆ ಅಪವಾದವೂ ಉಂಟು. ಪ್ರತಿ ತರಗತಿಯಲ್ಲೂ ಒಬ್ಬಳು ಹುಡುಗಿ ಮೇಲಿನ ಯಾವ ಉಪಾಯಕ್ಕೂ ಕೈಹಾಕದೆ, ದಿನಾ ಸಂಜೆ ಪದ್ಯವನ್ನು ಅಜ್ಜಿಗೆ ಓದಿ ಹೇಳುತ್ತಾಳೆ. ಅಜ್ಜಿ 'ಏನಂದೆ?' ಎಂದ ಕಡೆ ಮತ್ತೆ ಓದುತ್ತಾಳೆ, 'ಆಮೇಲೇನಾಯ್ತೇ?' ಎಂದ ಮೇಲಷ್ಟೇ ಮುಂದಿನ ಪದ್ಯಕ್ಕೆ ಹೋಗುತ್ತಾಳೆ. ಮೊದಲ ದರ್ಜೆ ಅವಳಿಗೇ ಹೋಗುವುದನ್ನು ಯಾವ ಮೀಮಾಂಸೆಯಿಂದಲೂ ತಪ್ಪಿಸಲಾಗಿಲ್ಲ. ಸ್ವಂತ ಅಜ್ಜಿ ಇಲ್ಲದವರು ಪಕ್ಕದ ಮನೆಯ ಅಜ್ಜಿಗೆ ಈಗಲೇ ಹೇಳಿಟ್ಟುಕೊಳ್ಳಿ. ಪರೀಕ್ಷೆ ಹತ್ತಿರ ಬಂದರೆ ಅವರು ಬಿಡುವಾಗಿ ಸಿಗುವುದಿಲ್ಲ.