ಗೈಡ್ ಮಾವನ ಆರ್‌ಸಿಬಿ

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಹೊಸಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಎದುರು, ಸಂಡೂರಿನಲ್ಲಿ ಅದಿರಿನ ಲಾರಿಯೊಳಗೆ, ಕಂಪ್ಲಿಯಲ್ಲಿ ಭತ್ತದ ಮಿಲ್ಲಿನ ಕಟ್ಟೆಯ ಮೇಲೆ. ನೀವು ಕೇಳಲಿ, ಬಿಡಲಿ, ಆರ್‌ಸಿಬಿ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ತಿಳಿಸಿಕೊಟ್ಟ ಮೇಲೆಯೇ ನಿಮ್ಮನ್ನು ಮನೆಗೆ ಬಿಡುವುದು. ಕಮಲಾಪುರದ ಪಾಲಿಗೆ, ಅಂದರೆ ನನ್ನ ಪಾಲಿಗೆ, ಬಂದವರು ಹಂಪಿಯ ಒಬ್ಬ ಗೈಡು. ಸಂಬಂಧದಲ್ಲಿ ಏನೂ ಅಲ್ಲದಿದ್ದರೂ ಓಣಿಗೆಲ್ಲ ಮಾವ. ಹಗಲು ಬಿದ್ದುಹೋದ ಸಾಮ್ರಾಜ್ಯವನ್ನು ಪ್ರವಾಸಿಗಳಿಗೆ ವಿವರಿಸುತ್ತಾರೆ. ಸಂಜೆ ಅದೇ ದನಿಯಲ್ಲಿ, ಅದೇ ಕೈಸನ್ನೆಯಲ್ಲಿ ತಂಡವನ್ನು. 1565ರ ತಾಳಿಕೋಟೆಯಿಂದ 2017ರ ಈಡನ್ ಗಾರ್ಡನ್ಸಿಗೆ ದಾಟಲು ಅವರಿಗೆ ಒಂದು ಗುಟುಕು ಚಹಾ ಸಾಕು.

ತಾರೀಖುಗಳೆಂದರೆ ಮಾವನಿಗೆ ಪ್ರಾಣ. ‘ಏಪ್ರಿಲ್ 23 ಅಂದ್ರ ಏನ್ರೀ?’ ಎಂದು ಒಮ್ಮೆಲೇ ಕೇಳಿ, ನಾವು ಕಣ್ಣುಬಾಯಿ ಬಿಡುವುದನ್ನು ನೋಡಿ ಖುಷಿಪಡುತ್ತಾರೆ. 2013ರ ಆ ದಿನ ಪುಣೆಯ ಮೇಲೆ ತಂಡ 263, ಗೇಲ್ ಒಬ್ಬನದೇ ಔಟಾಗದೆ 175. ನಾಲ್ಕು ವರ್ಷದ ಮೇಲೆ ಅದೇ ದಿನ, ಅದೇ ಗೇಲ್, ಜೊತೆಗೆ ಕೊಹ್ಲಿ, ಡಿವಿಲಿಯರ್ಸ್. ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್. ‘ಒಬ್ಬ ಎರಡಂಕಿ ಮುಟ್ಟಲಿಲ್ಲರೀ, ಒಬ್ಬ!’ ಎನ್ನುವಾಗ ಅವರ ಮುಖದಲ್ಲಿ ದುಃಖಕ್ಕಿಂತ ಹೆಮ್ಮೆಯೇ ಎದ್ದು ಕಾಣುತ್ತದೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಮಿರ್ಚಿ ಪಾಠ.

ಕ್ರಿಕೆಟ್ಟಿನ ಗಂಧಗಾಳಿ ಇಲ್ಲದವನು ನಾನೆಂದು ಗೊತ್ತಾದ ದಿನದಿಂದ ಮಾವ ನನ್ನನ್ನು ಉದ್ಧಾರ ಮಾಡಲು ಪಣ ತೊಟ್ಟಿದ್ದಾರೆ. ಸಂಜೆ ನಾನು ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ಹೇಳಿ ಕೂತರೆ ಎದುರಿಗೆ ಬಂದು ಕೂರುತ್ತಾರೆ. ‘ಹೊಸಬರಿಗೆ ತಿಳಿಯೋ ಹಂಗ ಹೇಳ್ತೀನಿ ನೋಡ್ರಿ’ ಎಂದು ನನ್ನ ಪ್ಲೇಟನ್ನು ಟೇಬಲ್ಲಿನ ನಡುವಿಗೆ ಎಳೆಯುತ್ತಾರೆ. ಮೊದಲ ಮಿರ್ಚಿ ಗೇಲ್, ಎರಡನೆಯದು ಕೊಹ್ಲಿ, ಮೂರನೆಯದು ಡಿವಿಲಿಯರ್ಸ್. ‘ಈ ಮೂರೂ ಉರಿ ಅಂದ್ರ ಉರಿ. ಇದು ತಂಡದ ಬಲ. ಕೆಳಗ ಏನೈತಿ? ಬರೇ ಮಂಡಕ್ಕಿ. ಇದು ದೌರ್ಬಲ್ಯ.’ ಆಮೇಲೆ 2016ರ ಫೈನಲ್ ಶುರು. ಬೆಂಗಳೂರಿನಲ್ಲೇ ಆಟ, ಎದುರಿಗೆ ಹೈದರಾಬಾದ್. ವಾಟ್ಸನ್ 4 ಓವರಿನಲ್ಲಿ 61 ಕೊಟ್ಟ ಎಂದು ತೋರಿಸಲು ನನ್ನ ಈರುಳ್ಳಿಯನ್ನೆಲ್ಲ ಟೇಬಲ್ಲಿನ ಮೇಲೆ ಚೆಲ್ಲುತ್ತಾರೆ. ಗೆಲ್ಲಲು 209 ಬೇಕು. ಗೇಲ್, ಕೊಹ್ಲಿ ಹತ್ತೂವರೆ ಓವರಿಗೇ 114 ಹೊಡೆದಿದ್ದಾರೆ. ಮಾವನ ಕಣ್ಣು ಮಿನುಗುತ್ತದೆ, ನನಗೂ ಆಸೆ ಹುಟ್ಟುತ್ತದೆ. ಅಷ್ಟರಲ್ಲಿ ಗೇಲ್ ಔಟ್. ಮೊದಲ ಮಿರ್ಚಿ ಮಾವನ ಬಾಯಿಗೆ. ಕೊಹ್ಲಿ ಔಟ್, ಎರಡನೆಯದೂ ಹೋಯಿತು. ‘ಡಿವಿಲಿಯರ್ಸ್ ಅರೆ ಉಳೀಲಿ ಮಾವ’ ಎಂದು ಒಮ್ಮೆ ಬೇಡಿಕೊಂಡೆ. ‘ಇತಿಹಾಸ ತಿದ್ದಾಕ ಬರೂದಿಲ್ಲ’ ಎಂದು ಅದನ್ನೂ ಕಚ್ಚಿದರು. ತಂಡ 8 ರನ್ನಿನಿಂದ ಸೋತಿತು. ತಣ್ಣಗಾದ ಮಂಡಕ್ಕಿ ನನಗೆ, ಬಿಲ್ಲೂ ನನಗೆ.

ಉಳಿದಂತೆ ಸಂಭಾವಿತರು. ಹನ್ನೊಂದರಲ್ಲಿ ಹೊರದೇಶದವರು ನಾಲ್ಕೇ ಜನ, ಮೊದಲ 6 ಓವರು ಸರ್ಕಲ್ಲಿನ ಹೊರಗೆ ಇಬ್ಬರೇ ಫೀಲ್ಡರು ಎಂಬಂಥವನ್ನು ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳುತ್ತಾರೆ. ಬೆಂಗಳೂರಿನ ಚಿನ್ನಸ್ವಾಮಿ ಮೈದಾನದ ಬೌಂಡರಿ ಚಿಕ್ಕದು, ಅಲ್ಲಿ ಬೌಲರ್ ಆಗಿ ಹುಟ್ಟುವುದೇ ಪೂರ್ವಜನ್ಮದ ಪಾಪ ಎನ್ನುತ್ತಾರೆ. ಹರಾಜಿನ ವಿಷಯ ತೆಗೆದರೆ ಮಾತ್ರ ಪಿತ್ತ ನೆತ್ತಿಗೇರುತ್ತದೆ. ಚಹಲ್‌ನನ್ನು ಬಿಟ್ಟದ್ದಕ್ಕೆ ಇನ್ನೂ ಕ್ಷಮೆಯಿಲ್ಲ. 2025ರ ಏಪ್ರಿಲ್‌ನಲ್ಲಿ ನಮ್ಮ ಹುಡುಗ ರಾಹುಲ್ ದೆಹಲಿ ಪರವಾಗಿ 93 ಹೊಡೆದು, ಬೆಂಗಳೂರಿನ ತಂಡವನ್ನು ಬೆಂಗಳೂರಿನಲ್ಲೇ ಸೋಲಿಸಿ, ಇದು ನನ್ನ ನೆಲ ಎನ್ನುವಂತೆ ಬ್ಯಾಟಿನಿಂದ ಸುತ್ತ ಗೆರೆ ಎಳೆದನಲ್ಲ, ಆ ರಾತ್ರಿ ಅಳಬೇಕೋ ನಗಬೇಕೋ ತಿಳಿಯದೆ ಮಾವ ಎರಡನ್ನೂ ಮಾಡಿದರು.

ಈ ವಿದ್ಯೆ ವೃತ್ತಿಗೂ ನುಗ್ಗುವುದುಂಟು. ಕಲ್ಲಿನ ರಥದ ಮುಂದೆ ಒಂದು ಕುಟುಂಬ ತಾವು ಹೈದರಾಬಾದಿನವರೆಂದು ಹೇಳಿದ್ದೇ ತಪ್ಪಾಯಿತು. ‘2009ರಾಗೂ ನೀವ ಅಲ್ರೀ?’ ಎಂದು ಶುರುಮಾಡಿದರಂತೆ. ಜೋಹಾನ್ಸ್‌ಬರ್ಗಿನ ಆ ಫೈನಲ್ಲಿನಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಡೆಕ್ಕನ್ ಚಾರ್ಜರ್ಸ್ ಕೈಯಲ್ಲಿ 6 ರನ್ನಿನ ಸೋಲು. ಆ ಕುಟುಂಬ ವಿಠ್ಠಲ ದೇವಾಲಯದ ಬಗ್ಗೆ ಏನು ತಿಳಿದುಕೊಂಡು ಹೋಯಿತೋ, ವಿರೂಪಾಕ್ಷನಿಗೇ ಗೊತ್ತು.

2024ರಲ್ಲಿ ಆರ್‌ಸಿಬಿಯ ಹೆಣ್ಣುಮಕ್ಕಳು ಕಪ್ ತಂದರು. ಫೈನಲ್ಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ಮಾವ ಓಣಿಗೆಲ್ಲ ಪೇಢಾ ಹಂಚಿದರು; ಆದರೂ ಗಂಡಸರ ತಂಡದ ದೌರ್ಬಲ್ಯ ಹಾಗೇ ಇತ್ತಲ್ಲ, ಪಾಠ ಮುಂದುವರಿಯಿತು. ನಿಜವಾದ ಪೆಟ್ಟು ಬಿದ್ದದ್ದು 2025ರ ಜೂನ್ 3ರಂದು. ಅಹಮದಾಬಾದಿನಲ್ಲಿ ಪಂಜಾಬಿನ ಮೇಲೆ ಗೆದ್ದೇಬಿಟ್ಟರು, ಅದೂ ಅದೇ 6 ರನ್ನಿನಿಂದ. ‘16 ವರ್ಷದ ಸಾಲ ಆರಕ್ಕ ಆರು ತೀರ್ತು, ಬಡ್ಡಿ ಬಿಟ್ಟಾರ’ ಎಂದು ಮಾವ ಅತ್ತರು. ಮರುದಿನವೇ ಹೊಸ ಪಾಠ ಸಿದ್ಧ: ಪಾಟೀದಾರ್ ನಾಯಕ, ತಲೆಯೆತ್ತಿ ನೋಡಬೇಕಾದ ಒಬ್ಬನ ಮೇಲೆ ಭಾರವಿಲ್ಲ, ಹೇಜಲ್‌ವುಡ್‌ನ 22 ವಿಕೆಟ್, ಎದುರಾಳಿಗಳ ತವರಿನಲ್ಲಿ ಆಡಿದ ಲೀಗ್ ಪಂದ್ಯ 7ಕ್ಕೆ 7 ಗೆಲುವು, ಫೈನಲ್ಲಿನಲ್ಲಿ ಕೃಣಾಲ್ ಪಾಂಡ್ಯನ 4 ಓವರಿಗೆ 17 ರನ್ನು. ಬಲ, ಬಲ, ಬರೀ ಬಲ. ಹೇಳಲು ದೌರ್ಬಲ್ಯವೇ ಇಲ್ಲ. ಮಾವ ಮಾತಿನ ನಡುವೆ ತಡವರಿಸಿದ್ದನ್ನು ನಾನು ಮೊದಲು ಕಂಡದ್ದು ಆಗ.

ಆ ಸಂಜೆಯೇ ಚಿನ್ನಸ್ವಾಮಿಯ ಹೊರಗೆ ವಿಜಯೋತ್ಸವಕ್ಕೆ ಸೇರಿದವರ ಕಾಲ್ತುಳಿತದಲ್ಲಿ 11 ಜನ ಸತ್ತ ಸುದ್ದಿ ಬಂತು. ನಮ್ಮೂರ ಹುಡುಗರೂ ಹಂಪಿ ಎಕ್ಸ್‌ಪ್ರೆಸ್ ಹತ್ತುವ ಮಾತಾಡಿಕೊಂಡಿದ್ದರು. ಮಾವ ಎಷ್ಟೋ ದಿನ ಹೋಟೆಲಿಗೆ ಬರಲಿಲ್ಲ. ನಾನು ಒಬ್ಬನೇ ಕೂತು ಮಿರ್ಚಿ ಅಷ್ಟನ್ನೂ ತಿಂದೆ. ರುಚಿ ಹತ್ತಲಿಲ್ಲ ಎಂದರೆ ನಂಬುವವರು ನಂಬಲಿ. ಕೊನೆಗೆ ಒಂದು ಸಂಜೆ ಬಂದು, ಪ್ಲೇಟು ಎಳೆಯದೆ, ಇಷ್ಟೇ ಅಂದರು: ‘17 ಸಲ ಸೋತು ಹೆಂಗಿರಬೇಕಂತ ಕಲ್ತಿದ್ವಿ. ಗೆದ್ದರ ಹೆಂಗಿರಬೇಕಂತ ಒಬ್ಬರಿಗೂ ಗೊತ್ತಿರಲಿಲ್ಲ ನೋಡ್ರಿ.’ ತಂಡದ ಬಗ್ಗೆ ಅವರು ಹೇಳಿದ್ದರಲ್ಲೆಲ್ಲ ಇದೇ ಸರಿಯಾದ ಲೆಕ್ಕ ಎಂದು ನನ್ನ ತೀರ್ಮಾನ.

ಈಗ ಪಾಠ ಮತ್ತೆ ಶುರುವಾಗಿದೆ, ಹೊಸ ದೌರ್ಬಲ್ಯಗಳೂ ಸಿಕ್ಕಿವೆ. ಹಂಪಿ ನೋಡಲು ಬರುವವರು ಕಮಲಾಪುರದಲ್ಲಿ ಚಹಾಕ್ಕೆ ನಿಂತರೆ ಮಿರ್ಚಿಯನ್ನು ಎರಡು ಪ್ಲೇಟ್ ಹೇಳಿ. ಹೈದರಾಬಾದಿನವರಾದರೆ ಕರ್ನೂಲು ಅನ್ನಿ.