ಫಿಂಚ್ ಮೀಮಾಂಸೆ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂಬುದು ಮೊದಲು ತೀರ್ಮಾನವಾಗಬೇಕು. ಕೆನಡಾದ ಒಂಟಾರಿಯೊದಲ್ಲೊಂದು ಮನೆ, ಹಿತ್ತಿಲ ಕಡೆಗೆ ಕಿಟಕಿ, ಕಿಟಕಿಯಾಚೆ ತೂಗುವ ಕಾಳಿನ ಕೊಳವೆ, ಕೈಯಲ್ಲಿ ಆರಿದ ಕಾಫಿ: ಇಷ್ಟುಳ್ಳವನು ಅಧಿಕಾರಿ. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತವನು ಉತ್ತಮಾಧಿಕಾರಿ. ಕಾಳು ತಿನ್ನಬರುವ ಫಿಂಚ್ ಹಕ್ಕಿಗೆ ಇಂಥ ಯಾವ ಅರ್ಹತೆಯೂ ಬೇಕಿಲ್ಲ, ಬಂದರೆ ಬಂತು.

ಬರುವುದಾದರೂ ಯಾಕೆ? ಚಳಿ ತಾಳಲಾರದೆ ಎಂದು ಪೂರ್ವಪಕ್ಷ. ಸಲ್ಲದು. ಹದಿನೈದು ಗ್ರಾಂ ಆಸುಪಾಸಿನ ಫಿಂಚಾದ ರೆಡ್‌ಪೋಲ್ ಹಿಮದೊಳಗೆ ಸುರಂಗ ತೋಡಿ ಮಲಗಬಲ್ಲದು. ಮಲಗುವ ಮುಂಚೆ ಗಂಟಲ ಚೀಲಕ್ಕೆ ಕಾಳು ತುಂಬಿಕೊಂಡು ರಾತ್ರಿಯಿಡೀ ಅರಗಿಸಿಕೊಳ್ಳಬಲ್ಲದು. ಹೊಟ್ಟೆಪಾಡೇ ಕಾರಣವೆಂದು ಸಿದ್ಧಾಂತ. ಉತ್ತರದ ಕಾಡುಗಳಲ್ಲಿ ಸ್ಪ್ರೂಸ್, ಬರ್ಚ್ ಮರಗಳ ಬೀಜದ ಫಸಲು ಕೈಕೊಟ್ಟ ವರ್ಷ ಇವು ದಕ್ಷಿಣಕ್ಕೆ ಗುಳೆ ಹೊರಡುತ್ತವೆ. ಮರಗಳ ಫಸಲು ವಿಚಾರಿಸಿ, ಯಾವ ಫಿಂಚ್ ಎತ್ತ ಹೊರಟೀತೆಂದು ವರ್ಷವರ್ಷವೂ ಪಂಚಾಂಗ ಬರೆದವರು ಒಂಟಾರಿಯೊದ ರಾನ್ ಪಿಟವೇ. 2020ರಿಂದ ಆ ಪೀಠ ಟೈಲರ್ ಹೋರ್ ಅವರದು. ಅದೇ ವರ್ಷದ ಚಳಿಗಾಲ ಇನ್ನೊಂದು ಫಿಂಚಾದ ಪೈನ್ ಸಿಸ್ಕಿನ್‌ಗಳು ನಿವೃತ್ತ ಕೆನಡಿಯನ್ನರಂತೆ ಫ್ಲಾರಿಡಾವನ್ನೇ ಮುಟ್ಟಿದವು.

ಇನ್ನು ನೈವೇದ್ಯ ವಿಚಾರ. ಈ ಸಣ್ಣ ಕೊಕ್ಕಿನವರಿಗೆ ಪ್ರಿಯವಾದದ್ದು ಅಂಗಡಿಯಲ್ಲಿ ‘ನೈಜರ್’ ಎಂದು ಮಾರುವ ಕಪ್ಪು ಕಾಳು. ಮಂಡ್ಯದಿಂದ ಬಂದಿದ್ದ ಅವ್ವ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, “ಇದು ಹುಚ್ಚೆಳ್ಳು ಕಣ್ಲಾ ಮಗಾ! ಚಟ್ನಿಪುಡಿ ಮಾಡೋದ್ನ ಹಕ್ಕಿಗ್ಯಾಕ್ಲಾ ಸುರೀತಿದ್ದೀಯ?” ಎಂದದ್ದು ಇಲ್ಲಿ ಆಪ್ತವಾಕ್ಯ. ಭಾರತ, ಇಥಿಯೋಪಿಯಾಗಳಿಂದ ಹೋಗುವ ಈ ಕಾಳಿಗೆ, ಜೊತೆಗೆ ಸೇರಿಬಂದ ಕಳೆಬೀಜ ಮೊಳೆಯದಿರಲೆಂದು, ಅಮೆರಿಕ ಪ್ರವೇಶಕ್ಕೆ ಮುನ್ನ ಬಿಸಿ ತಾಗಿಸುವುದು ಕಡ್ಡಾಯ. ಹಾಗಾದರೆ ಅರ್ಧ ಕೆಲಸ ಅವರೇ ಮಾಡಿಕೊಟ್ಟಿದ್ದಾರೆ, ಬೆಳ್ಳುಳ್ಳಿ ಮೆಣಸಿನಕಾಯಿ ತಾ ಎಂದು ಅವ್ವನ ಭಾಷ್ಯ.

ಈಗ ಶಾಸ್ತ್ರದ ಕಗ್ಗಂಟು: ಭೇದವೋ, ಅಭೇದವೋ? ಕಾಮನ್ ರೆಡ್‌ಪೋಲ್ ಬೇರೆ, ಬಿಳಿಚಿಕೊಂಡ ಆರ್ಕ್‌ಟಿಕ್ ರೆಡ್‌ಪೋಲ್ ಬೇರೆ ಎಂದು ದ್ವೈತಿಗಳ ವಾದ. ಪ್ರಮಾಣವೇನು? ಆರ್ಕ್‌ಟಿಕ್ ಆಗಿದ್ದರೆ ಕೊಕ್ಕು ಮುಖಕ್ಕೆ ಒತ್ತಿ ಕೂರಿಸಿದಂತೆ ಮೊಂಡಾಗಿರಬೇಕು. ಬಾಲದ ಬುಡದ ಕೆಳಗೆ ಗೀರಿರಬಾರದು, ಇದ್ದರೂ ತೆಳ್ಳಗೆ ಒಂದೇ ಒಂದು. ಹೀಗಾಗಿ ಮಾನ್ಯ ಗೃಹಸ್ಥರು ಮೈನಸ್ ಇಪ್ಪತ್ತರ ಚಳಿಯಲ್ಲಿ ಬೈನಾಕ್ಯುಲರ್ ಹಿಡಿದು, ಹಕ್ಕಿ ತನ್ನ ಅಂಡನ್ನು ಇತ್ತ ಯಾವಾಗ ತಿರುಗಿಸೀತೆಂದು ಕಾದರು. 2021ರಲ್ಲಿ ಸಂಶೋಧಕರು ಈ ಭೇದವೆಲ್ಲ ಒಟ್ಟಿಗೇ ಸಾಗುವ ಜೀನುಗಳ ಗುಂಪಾದ ಒಂದು ಸೂಪರ್‌ಜೀನಿನ ಮಾಯೆ ಎಂದು ತೋರಿಸಿದರು. 2024ರಲ್ಲಿ ಅಮೆರಿಕನ್ ಆರ್ನಿಥಾಲಜಿಕಲ್ ಸೊಸೈಟಿ ಎಲ್ಲವೂ ಒಂದೇ ಎಂದು ತೀರ್ಪಿತ್ತಿತು. ಅದ್ವೈತಕ್ಕೆ ಜಯ. ಜೀವಮಾನದ ಪಟ್ಟಿಯಲ್ಲಿ ಒಂದು ಹಕ್ಕಿ ಕಡಿಮೆಯಾದ ದ್ವೈತಿಗಳಿಗೆ ಇನ್ನೂ ಸೂತಕ ಕಳೆದಿಲ್ಲ.

ಎಣಿಕೆಯ ವಿಧಿ ಸಂಕ್ಷಿಪ್ತ. ಕಾಳಿನ ಕೊಳವೆಗೆ ಬಂದ ಹಕ್ಕಿಗಳನ್ನು ಜನರಿಂದ ಎಣಿಸುವ ಪ್ರಾಜೆಕ್ಟ್ ಫೀಡರ್‌ವಾಚ್‌ನ ನಿಯಮದಂತೆ, ಬಂದುಹೋದವನ್ನೆಲ್ಲ ಕೂಡಿಸುವಂತಿಲ್ಲ. ಒಂದೇ ಹೊತ್ತಿಗೆ ಕಂಡ ಗರಿಷ್ಠ ಸಂಖ್ಯೆಯಷ್ಟೇ ಲೆಕ್ಕ. ಬೆಳಿಗ್ಗೆ ಮೂರು, ಮಧ್ಯಾಹ್ನ ಐದು ಸಿಸ್ಕಿನ್ ಬಂದರೆ ಉತ್ತರ ಎಂಟಲ್ಲ, ಐದು. ಅಳಿಲು ಈ ಶಾಸ್ತ್ರದ ವ್ಯಾಪ್ತಿಗೆ ಬಾರದು. ಅಳಿಲು ಇದನ್ನು ಒಪ್ಪಿಲ್ಲ.

ಫಲಶ್ರುತಿ: ಇದನ್ನು ಪ್ರಾತಃಕಾಲ ಪಠಿಸಿದವರ ಹಿತ್ತಿಲಿಗೆ ಫಿಂಚ್ ಕುಲದ ಈವನಿಂಗ್ ಗ್ರೋಸ್‌ಬೀಕುಗಳ ದಂಡಿಳಿದು, ಸೋಮವಾರ ತಂದ ಸೂರ್ಯಕಾಂತಿ ಬೀಜದ ಮೂಟೆ ಗುರುವಾರದೊಳಗೆ ಬರಿದಾಗುವುದು. ಮೂಟೆಯ ಬೆಲೆಯನ್ನು ಅವ್ವನಿಗೆ ರೂಪಾಯಿಯಲ್ಲಿ ಹೇಳತಕ್ಕದ್ದಲ್ಲ.